ಬೀಗರು ಕಳಿಸಿದ ಆಂಬುಲೆನ್ಸ್

ಊಟ ಬಲ್ಲವನಿಗೆ ರೋಗವಿಲ್ಲ, ಸಿರಪ್ ಬಲ್ಲವನಿಗೆ ಡಾಕ್ಟರೇ ಬೇಕಿಲ್ಲ! ಗಾದೆ ಹೀಗಿಲ್ಲ ಅಂತೀರಾ? ಅರಸೀಕೆರೆ ಬಳಿಯ ಗಂಡಸಿ ಊರಿನ ಹನುಮಂತಯ್ಯನವರ ಬಾಯಲ್ಲಿ ಹೀಗೇ ಇತ್ತು. ಇನ್ನು ಮುಂದಿನದು ನಡೆದದ್ದು ನಡೆದ ಹಾಗೆ.

ಅವರಿಗೆ ಎದೆಯುರಿ ಹಳೆಯ ನೆಂಟ. ಬಂದಾಗಲೆಲ್ಲ ಗುಲಾಬಿ ಸಿರಪ್ ಎರಡು ಮುಚ್ಚಳ. ಅದರಲ್ಲಿ ಮರಗಟ್ಟಿಸುವ ಮದ್ದೂ ಇತ್ತು. ಕುಡಿದರೆ ನಾಲಿಗೆ, ಗಂಟಲು ಜೋಮು. ಆ ಬೆಳಿಗ್ಗೆಯೂ ಕುಡಿದರು, ಉರಿ ಇಳಿಯಿತು. ಆದರೆ ಮಾವನ ಹಣೆಯ ತಣ್ಣನೆ ಬೆವರು ಕಂಡು ಸೊಸೆ ಹೇಮಾಶ್ರೀಗೆ ಅನುಮಾನ ಬಂತು. ಅವಳು ನರ್ಸು. ಮಾವ ಎಡಗೈಯನ್ನು ನೀವಿಕೊಳ್ಳುತ್ತಲೇ ಇದ್ದರು.

"ಮಾವ, ಏಳಿ, ಇಸಿಜಿ ಮಾಡಿಸ್ಬೇಕು."

"ಉರಿ ಹೋಯ್ತಲ್ಲವ್ವ! ಹೃದಯದ ಕಾಯ್ಲೆ ಸಿರಪ್ಪಿಗೆ ಹೆದರ್ತದಾ? ಗ್ಯಾಸು ಕಣವ್ವ."

"ಜೋಮು ಹಿಡಿದ ಕಾಲಿಗೆ ಮುಳ್ಳು ಚುಚ್ಚಿದ್ರೂ ಗೊತ್ತಾಗಲ್ಲ. ಹಂಗಂತ ಮುಳ್ಳು ಇಲ್ವಾ? ಸಂಶೋಧನೆ ಮಾಡಿ ನೋಡವ್ರೆ ಮಾವ, ಉರಿ ಇಳಿಸೋ ಆಂಟಾಸಿಡ್‌ಗೆ ಮರಗಟ್ಟಿಸೋ ಮದ್ದು ಬೆರೆಸಿದ್ರೂ ಹೆಚ್ಚಿಗೆ ಲಾಭ ಕಾಣ್ಲಿಲ್ವಂತೆ. ಸಿರಪ್ಪಿಗೆ ನೋವು ಇಳೀತು ಅಂತ ಹೃದಯ ಚೆನ್ನಾಗೈತೆ ಅನ್ನಕ್ಕೂ ಆಗಲ್ಲ."

"ಆ ಸಂಶೋಧನೆಯವ್ರೇನು ನಮ್ಮನೆ ಮುದ್ದೆ ಉಂಡವ್ರಾ?"

ವಾದಕ್ಕೆ ಹೊತ್ತಿರಲಿಲ್ಲ. ಹೇಮಾಶ್ರೀ ಹಿತ್ತಲಿಗೆ ಹೋಗಿ ಆಂಬುಲೆನ್ಸ್‌ಗೆಂದು 108ಕ್ಕೆ ಫೋನ್ ಮಾಡಿದಳು. ಆದರೆ ಮಾವನನ್ನು ಗಾಡಿ ಹತ್ತಿಸುವುದು ಹೇಗೆ? ಬೀಗರು ಹಾಸಿಗೆ ಹಿಡಿದಾಗ ನೋಡಲು ಹೋಗದವನು ಮನುಷ್ಯನೇ ಅಲ್ಲ ಎನ್ನುವವರು ಅವರು! ಅತ್ತೆ ಗಿಡ್ಡಮ್ಮನನ್ನು ಕರೆದು ಉಪಾಯ ಪಿಸುಗುಟ್ಟಿ ಒಳಗೆ ಕಳಿಸಿ, ಹಿತ್ತಲಿಂದಲೇ ಅವರ ಮೊಬೈಲಿಗೆ ಕರೆ ಮಾಡಿದಳು. ಗಿಡ್ಡಮ್ಮ "ಬೀಗ್ರು ಕಣ್ರೀ" ಎಂದು ಗಂಡನ ಕಿವಿಗಿಟ್ಟರು. ಹೇಮಾಶ್ರೀ ತನ್ನಪ್ಪ ದ್ಯಾವಯ್ಯನ ಗೊಗ್ಗರು ದನಿ ತೆಗೆದಳು.

"ಬೀಗ್ರೇ... ಖ್ಖು ಖ್ಖು... ಅರಸೀಕೆರೆ ಆಸ್ಪತ್ರೇಲಿ ಮಲಗ್ಸವ್ರೆ. ನಿಮ್ ಮುಖ ನೋಡ್ಬೇಕು. ಗಾಡಿ ಕಳ್ಸಿವ್ನಿ, ಬಂದ್ಬುಡಿ."

ಆಂಬುಲೆನ್ಸ್ ಬಂದಾಗ ಹನುಮಂತಯ್ಯ ಶಲ್ಯ ಹೊದ್ದು ಸಿದ್ಧ. "ನೋಡ್ದಾ ಗಿಡ್ಡಿ, ಬೀಗ್ರು ನಮ್ಗೆ ಎಂಥಾ ಗಾಡಿ ಕಳ್ಸವ್ರೆ!"

ಆಸ್ಪತ್ರೆಯಲ್ಲಿ ಬೀಗರ ಹಾಸಿಗೆ ಹುಡುಕಿದವರನ್ನೇ ಹಾಸಿಗೆಗೆ ಹಾಕಿದರು. ಇಸಿಜಿ ಹೇಳಿತು: ಹೃದಯಾಘಾತ. ಅಲ್ಲಿಂದ ಹಾಸನ, ಕಟ್ಟಿಕೊಂಡ ರಕ್ತನಾಳಕ್ಕೆ ಸ್ಟೆಂಟ್. ಜೀವ ಗೆದ್ದಿತು!

ಮೂರನೇ ದಿನ ಎಳನೀರು ಹಿಡಿದು ಬಂದ ದ್ಯಾವಯ್ಯನನ್ನು ಹನುಮಂತಯ್ಯ "ಹುಷಾರಾದ್ರಾ ಬೀಗ್ರೇ?" ಎಂದು ಕೇಳಲು, ಅವರು ಕಂಗಾಲು. "ನಾನ್ಯಾವಾಗ ಮಲಗಿದ್ನಪ್ಪಾ?" ಹೇಮಾಶ್ರೀ ಅದೇ ದನಿಯಲ್ಲಿ ಕೆಮ್ಮಿದಳು. ವಾರ್ಡೆಲ್ಲ ನಗು.

ಎದೆಯುರಿಯ ಜೊತೆ ಬೆವರು, ಏದುಸಿರು, ಕೈಗೋ ದವಡೆಗೋ ಹರಿಯುವ ನೋವು ಬಂದರೆ, ಸಿರಪ್ಪಿಗೆ ಇಳಿದರೂ ನಂಬಬೇಡಿ. ತಕ್ಷಣ 108ಕ್ಕೆ ಕರೆ ಮಾಡಿ, ಇಸಿಜಿ ಮಾಡಿಸಿ. ಎಲ್ಲರ ಮನೆಯಲ್ಲೂ ಮಿಮಿಕ್ರಿ ಬರುವ ಸೊಸೆ ಇರುವುದಿಲ್ಲ! ಅನುಮಾನವಿದ್ದರೆ ಹನುಮಂತಯ್ಯನವರನ್ನೇ ಕೇಳಿ. ಸೊಸೆ ಟೋಪಿ ಹಾಕಿದ ಕಥೆಯನ್ನು ಈಗ ಅವರೇ ಬೀಗರ ದನಿಯಲ್ಲಿ ಹೇಳುತ್ತಾರೆ. ಕೇಳಿದವರಿಗಿಂತ ಮೊದಲು, ಎಲ್ಲರಿಗಿಂತ ಜೋರಾಗಿ ನಗುತ್ತಾರೆ.