ಸುಣ್ಣದ ಗೀಟು

“ಇನ್ನೊಮ್ಮೆ ಕೂಗು.”

“ಶೇಂಗಾ!” ಬರೀ ಸಿಮೆಂಟಿನ ವೇದಿಕೆಯ ಮೇಲೆ ನಿಂತು ಇರಮ ಕೂಗಿದಳು.

ಶೇಂಗಾ ಅವರ ಮನೆಯ ಆಡು. ರಸ್ತೆ ದಾಟಿ, ಸವಣೂರಿನಲ್ಲಿ ಏಳುತ್ತಿದ್ದ ಹೊಸ ಸಂಗೀತ ಭವನದೊಳಗೆ ನುಗ್ಗಿತ್ತು. ಭವನಕ್ಕೆ ಆಗಷ್ಟೇ ಚಾವಣಿ ಬಂದಿತ್ತು, ಬಾಗಿಲು ಇನ್ನೂ ಬಂದಿರಲಿಲ್ಲ. ಆಡು ಸಿಕ್ಕು ಹತ್ತು ನಿಮಿಷವಾದರೂ ಅಜ್ಜಿ ನೂರಜಹಾನ ಮೊಮ್ಮಗಳನ್ನು ಕೆಳಗಿಳಿಯಲು ಬಿಡಲಿಲ್ಲ. ಅಜ್ಜಿಯ ಎಡಗಿವಿಯನ್ನು ಎಣ್ಣೆ ಮಿಲ್ಲಿನ ಯಂತ್ರದ ಸದ್ದು ಎಂದೋ ತಿಂದುಹಾಕಿತ್ತು. ಬಲಗಿವಿ ಮುಂದೆ ಮಾಡಿಕೊಂಡು, ಕಾಳು ಹುಡುಕುವ ಕೋಳಿಯಂತೆ, ಕಂಬದಿಂದ ಕಂಬಕ್ಕೆ ನಡೆದಳು.

“ಮುಂದ ನಿಂತ್ರ ದನಿ ತಲಿ ಮ್ಯಾಲ ಹಾರಿ ಹೋಗತೈತಿ. ಇನ್ನೊಮ್ಮೆ.”

“ದಾದಿ, ಆಡು ನಿನ್ನ ಕೈಯಾಗ ಐತಿ!”

“ಆಡಿಗಲ್ಲ, ನನಗ ಕೂಗು.”

ಹಿಂದಿನ ಬಾಗಿಲು ಬರಬೇಕಿದ್ದ ಜಾಗದ ಪಕ್ಕದ ಕಂಬದ ಬಳಿ ಅಜ್ಜಿ ನಿಂತುಬಿಟ್ಟಳು. ಅಲ್ಲಿ ‘ಶೇಂಗಾ’ ಎಂಬುದು ಯಾರೋ ಪಕ್ಕದಲ್ಲಿ ಕುಳಿತು ಹೇಳಿದಷ್ಟು ಸ್ಪಷ್ಟವಾಗಿತ್ತು. ಮೊಮ್ಮಗಳ ದನಿಯ ತುದಿಯಲ್ಲಿ ಒಂದು ಸಣ್ಣ ನಡುಕವಿದೆ ಎಂಬುದು ಅವಳಿಗೆ ಗೊತ್ತಾದದ್ದೇ ಆಗ. ಎಲೆಯಡಿಕೆಯ ಸಂಚಿ ಬಿಚ್ಚಿ, ಬೆರಳಿಗೆ ಸುಣ್ಣ ತೆಗೆದು, ಕಂಬಕ್ಕೆ ಒಂದು ಗೀಟು ಎಳೆದಳು.

ಬಣ್ಣದವರು ಬಂದರು, ಗೀಟು ಹೋಯಿತು. ಮಾರನೇ ದಿನ ಮತ್ತೆ ಬಂತು. ಕೊನೆಗೆ ಕೆಲಸ ನೋಡಿಕೊಳ್ಳುತ್ತಿದ್ದ ಚನ್ನೇಶನೇ ರಸ್ತೆ ದಾಟಿ ಬಂದ.

“ಅಮ್ಮಾರ, ಹನ್ನೊಂದು ಸಲ ಬಳದೇವ್ರಿ. ಕಂಬ ದಪ್ಪ ಆಗಾಕತ್ತೈತಿ.”

“ಹಂಗಾದ್ರ ಬಳೀಬ್ಯಾಡ್ರಿ.”

ಸಂಜೆ ಮನೆಯವರೆಲ್ಲ ಕಟ್ಟೆಯ ಮೇಲೆ ಕುಳಿತು ಭವನ ನೋಡುವುದು ರೂಢಿಯಾಗಿತ್ತು. ಸೈಕಲ್ ಅಂಗಡಿ ಮುಚ್ಚಿ ಬಂದ ಮಗ ಮುಬಶೀರ, ಇರಮಳ ಅಪ್ಪ, ಕಿಟಕಿ ಡೊಂಕು, ಮೆಟ್ಟಿಲು ಡೊಂಕು ಎಂದು ತೀರ್ಪು ಕೊಡುತ್ತಿದ್ದ. ಅವನ ಅಂಗಡಿಯ ಬೋರ್ಡೇ ಎರಡು ವರ್ಷದಿಂದ ವಾಲಿಕೊಂಡಿತ್ತು.

ಆಮೇಲೆ ಸುದ್ದಿ ಬಂತು: ಉದ್ಘಾಟನೆಗೆ ಇರಮಳ ಶಾಲೆಯ ಮಕ್ಕಳಿಂದ ಸ್ವಾಗತ ಗೀತೆ. ಮೈಕ್ ಇಲ್ಲ, ಮೈಕ್ ಬೇಡದ ಭವನ ಎಂಬುದೇ ಕಟ್ಟಿದವರ ಜಂಬ. ನಡುವಿನ ಒಂದು ಸಾಲು ಇರಮ ಒಬ್ಬಳದೇ.

“ಒಂದ ಸಾಲೇನ?” ಎಂದ ಮುಬಶೀರ.

“ನನಗ ಅಷ್ಟು ಸಾಕು,” ಎಂದಳು ನೂರಜಹಾನ. “ಕಂಬದ ಕಡೆ ನೋಡಿ ಹಾಡು ಬೇಟಿ. ಅಲ್ಲೇ ಇರ್ತೇನಿ.”

ಆ ದಿನ ಎರಡು ತಾಸು ಮೊದಲೇ ಹೋಗಿ ಕುಳಿತಳು. ಕಂಬ ಕೆನೆಬಣ್ಣದಲ್ಲಿ ಹೊಳೆಯುತ್ತಿತ್ತು, ಗೀಟು ಮಾತ್ರ ಹಾಗೇ ಇತ್ತು. ಚನ್ನೇಶ ಸೋತಿದ್ದ. ಭವನ ತುಂಬಿತು. ಪರದೆಯ ಅಂಚಿನಿಂದ ಇರಮಳ ಜಡೆ ಇಣುಕಿತು.

ಆಗ ಚನ್ನೇಶ ಇಸ್ತ್ರಿ ಅಂಗಿಯಲ್ಲಿ ಓಡಿಬಂದ.

“ಏಳ್ರಿ ಅಮ್ಮಾರ, ಮುಂದ ಬರ್ರಿ. ಎದುರುಮನ್ಯಾರು ಮೂರು ವರ್ಷ ನಮ್ಮ ಧೂಳು ಕುಡದಾರ ಅಂತ ಸಾಹೇಬ್ರು ನಿಮಗ ಸೋಫಾ ಇಡಿಸ್ಯಾರ. ಶಾಲೂ ಹೊದಸ್ತಾರ.”

“ಸೋಫಾ!” ಪಕ್ಕದಲ್ಲಿದ್ದ ಮುಬಶೀರ ಆಗಲೇ ಎದ್ದು ನಿಂತಿದ್ದ. “ಏಳ ಅಮ್ಮಿ, ಫೋಟೋ ತಗೀತಾರ. ಊರಿಗೂರೇ ನೋಡಾಕತ್ತೈತಿ.”

ಮುಂದಿನ ಸಾಲಿನಲ್ಲಿ ಕೆಂಪು ಸೋಫಾ ಕಾಯುತ್ತಿತ್ತು. ಪರದೆ ಸರಿಯಿತು. ಇರಮಳ ಕಣ್ಣು ಸೋಫಾ ದಾಟಿ, ಗಣ್ಯರನ್ನೆಲ್ಲ ದಾಟಿ, ಕಂಬ ಹುಡುಕಿ ಅಲ್ಲಿ ನಿಂತಿತು.

“ಲಗೂನ ಬರ್ರಿ ಅಮ್ಮಾರ.” ಚನ್ನೇಶ ಬಾಗಿ ಕೈ ಚಾಚಿದ.

ನೂರಜಹಾನ ಬಲಗಿವಿಯ ಮೇಲಿನ ಸೆರಗು ಸರಿಸಿದಳು.

“ನಾ ಒಲ್ಲೆ.”