ಗೋಡೆಯ ಒಳಮೈ

ಟೈಲರಮ್ಮನಿಗೆ ಒಂದು ಚಾಳಿ. ಯಾರ ಬಟ್ಟೆಯೇ ಆಗಲಿ, ಕೈಗೆ ಸಿಕ್ಕಿತೆಂದರೆ ಮೊದಲು ತಿರುಗಿಸಿ ಒಳಮೈ ನೋಡಬೇಕು. ನೆಂಟರ ಮನೆಗೆ ಹೋದಾಗಲೂ ಬಿಡುವವಳಲ್ಲ. ಮಾತಾಡುತ್ತಾ ಮಾತಾಡುತ್ತಾ ಪಕ್ಕದವಳ ತೋಳಿನ ಅಂಚು ಮಡಚಿ ಹೊಲಿಗೆ ನೋಡಿ ಮೂಗು ಮುರಿಯುತ್ತಿದ್ದಳು. ಹೊರಗಡೆ ಎಲ್ಲರೂ ಚೆನ್ನಾಗಿಯೇ ಹೊಲೀತಾರೆ, ಮನುಷ್ಯ ಎಂಥವನು ಅಂತ ಗೊತ್ತಾಗೋದು ಒಳಗಡೆ ಎಂದು ಅವಳಿಗೆ ಕಲಿಸಿದ್ದು ಅಮ್ಮ. ಈಗ ಮಗಳು ತುಳಿಯುವ ಹೊಲಿಗೆ ಮಷೀನಿನ ಮುಂದೆಯೇ ನಲವತ್ತು ವರ್ಷ ಕೂತು, ಬಟ್ಟೆಯ ಧೂಳು ಕುಡಿದು ಕುಡಿದು ಶ್ವಾಸಕೋಶ ಹಾಳು ಮಾಡಿಕೊಂಡವಳು.

ಆ ಅಮ್ಮ ಈಗ ಎರಡು ತಿಂಗಳಿಂದ ಆಸ್ಪತ್ರೆಯಲ್ಲಿದ್ದಳು. ಇನ್ನು ಮನೆಗೆ ಕರೆದುಕೊಂಡು ಹೋಗಬಹುದು, ಆದರೆ ಮಂಚದ ಪಕ್ಕ ಆಕ್ಸಿಜನ್ ಮಷೀನು ಹಗಲೂ ರಾತ್ರಿ ಓಡುತ್ತಿರಬೇಕು ಎಂದಿದ್ದರು ಡಾಕ್ಟರು. ಮನೆಯ ಕರೆಂಟ್ ಲೈನು ತಪಾಸಣೆಯಲ್ಲಿ ಪಾಸಾಗಿದೆ ಎಂಬ ಸರ್ಟಿಫಿಕೇಟು ತಂದರೇನೇ ಆಸ್ಪತ್ರೆಯವರು ಮಷೀನು ಕೊಡುವುದು. ಅದಕ್ಕೇ ಮನೆಯ ಹಿಂದಿದ್ದ ಶೆಡ್ಡನ್ನು ಕೋಣೆ ಮಾಡುವ ಕೆಲಸ ಶುರುವಾಗಿತ್ತು. ಹೊಸ ನೆಲ, ಹೊಸ ಗಾರೆ, ಹೊಸ ಲೈನು. ಗೋಡೆಗೆ ಕಿಟಕಿಯಿರಲಿಲ್ಲ, ಗಾಳಿಗೆಂದು ಹಿತ್ತಲ ಕಡೆಗೆ ಎರಡು ಕದದ ದೊಡ್ಡ ಬಾಗಿಲು ಇಡಿಸಿದ್ದರು. ಬರುವ ಶುಕ್ರವಾರ ಮನೆ ಎಂದು ಅಮ್ಮ ನರ್ಸುಗಳಿಗೆಲ್ಲ ಹೇಳಿಯಾಗಿತ್ತು. ಬ್ಯಾಗು ಕೂಡ ತುಂಬಿಸಿಟ್ಟುಕೊಂಡಿದ್ದಳು, ಬಾಚಣಿಗೆ ಸಮೇತ. ಬೆಳಿಗ್ಗೆ ತಲೆ ಬಾಚಬೇಕೆಂದರೆ ಬ್ಯಾಗಿನಿಂದ ತೆಗೆಯುವುದು, ಬಾಚಿ ಮತ್ತೆ ಬ್ಯಾಗಿಗೇ ಹಾಕುವುದು.

ಲೈನು ಎಳೆಯುವ ಕೆಲಸ ಭಾವನದು. ಭಾವ ಎಂದರೆ ಅಕ್ಕನ ಗಂಡ, ಫ್ಯಾನು ರಿಪೇರಿ ಅಂಗಡಿಯವನು. ಫ್ಯಾನು ತಿರುಗಿಸಬಲ್ಲವನಿಗೆ ಪ್ರಪಂಚದ ಕರೆಂಟೆಲ್ಲ ಗೊತ್ತು ಎಂದು ಅವನ ನಂಬಿಕೆ. ನಮ್ಮತ್ತೆಯ ಕೋಣೆಗೆ ಹೊರಗಿನವರು ಯಾಕೆ, ಇದೆಲ್ಲ ನನಗೆ ಎಡಗೈ ಆಟ ಎಂದು ಎದೆ ಸೆಟೆಸಿ ನಿಂತಿದ್ದ. ಅಮ್ಮನಿಗೂ ಅಳಿಯ ಎಂದರೆ ಪ್ರಾಣ. ತಪಾಸಣೆಯ ಅರ್ಜಿಯಲ್ಲಿ ಮಾತ್ರ ದಪ್ಪ ಅಕ್ಷರದಲ್ಲಿ ಬರೆದಿತ್ತು: ಪೈಪು, ವೈರು ಕೂರಿಸಿದ ಮೇಲೆ, ಗಾರೆ ಮೆತ್ತುವ ಮುಂಚೆ ಇನ್‌ಸ್ಪೆಕ್ಟರಿಗೆ ತೋರಿಸಬೇಕು. ಟೈಲರಮ್ಮ ಅದನ್ನು ಎರಡು ಸಲ ಓದಿ ಹೇಳಿದ್ದಳು. ಎರಡು ಸಲವೂ ಭಾವ ನೊಣ ಓಡಿಸುವ ಹಾಗೆ ಕೈಯಾಡಿಸಿದ್ದ.

ಟೈಲರಮ್ಮ ಅಮ್ಮನ ಟೆಸ್ಟುಗಳಿಗೆಂದು ಮೂರು ದಿನ ಆಸ್ಪತ್ರೆಯಲ್ಲೇ ಉಳಿದು ಸೋಮವಾರ ಬಂದು ನೋಡಿದರೆ, ಗೋಡೆಗೆ ಗಾರೆಯೂ ಆಗಿದೆ, ತಿಳಿ ಹಳದಿ ಬಣ್ಣವೂ ಆಗಿದೆ. ಭಾವ ನಡುವೆ ನಿಂತು ಹಲ್ಲು ಕಿಸಿಯುತ್ತಿದ್ದ. ತಪಾಸಣೆ ಆಯಿತಾ ಎಂದು ಕೇಳಿದ್ದಕ್ಕೆ, ಗೋಡೆ ಮುಚ್ಚಿದ್ದರೆ ಮುಚ್ಚುವ ಮುಂಚಿನ ಫೋಟೊ ತೋರಿಸಿದರೂ ನಡೆಯುತ್ತದೆ, ಹಾಗಂತ ರೂಲು ಇದೆ ಎಂದ. ರೂಲು ಇದ್ದದ್ದು ನಿಜ. ಫೋಟೊ ಇದೆಯಾ ಎಂದಳು. ಎಲ್ಲ ಇದೆ, ನೀನು ಸುಮ್ನಿರಮ್ಮ ಎಂದ. ಟೈಲರಮ್ಮ ಸುಮ್ಮನಾದಳು. ಅದನ್ನು ನೆನೆಸಿಕೊಂಡರೆ ಇವತ್ತಿಗೂ ಅವಳಿಗೆ ತನ್ನ ಮೇಲೇ ಅಸಹ್ಯ.

ಮಂಗಳವಾರ ಅವಳು ಇಸ್ತ್ರಿ ಪೆಟ್ಟಿಗೆಯನ್ನು ಅದೇ ಕೋಣೆಗೆ ತಂದು, ಮಂಚ ಬರಬೇಕಾದ ಜಾಗದ ಪ್ಲಗ್ಗಿಗೇ ಹಾಕಿ, ಗಿರಾಕಿಗಳ ಬಟ್ಟೆ ಇಸ್ತ್ರಿ ಮಾಡಿದಳು. ಅರ್ಧ ಗಂಟೆಗೆ ಏನೋ ಕಮರು ವಾಸನೆ. ಭಾವನಿಗೆ ಹೇಳಿದರೆ, ಹೊಸ ಬಣ್ಣ ಅಲ್ವಾ, ಒಣಗೋವಾಗ ಹಾಗೇ ಎಂದುಬಿಟ್ಟ.

ಬುಧವಾರ ಇನ್‌ಸ್ಪೆಕ್ಟರು ಬಂದ. ಚೀಲವಿಲ್ಲ, ಟೆಸ್ಟರಿಲ್ಲ, ಜೇಬಲ್ಲೊಂದು ಪೆನ್ನು, ಒಂದು ಸೀಲು, ಮಡಚಿದ ಕಾಗದ. ಹೊಸಿಲ ಹತ್ತಿರವೇ ನಿಂತು, ಕಾಟಾಚಾರಕ್ಕೆ ಸ್ವಿಚ್ಚು ಒತ್ತಿದ. ಲೈಟು ಹತ್ತಿತು. ಆರಿಸಿದ. ಆರಿತು. ಅಷ್ಟಕ್ಕೇ ತೃಪ್ತನಾಗಿ, ಪೆನ್ನಿನ ಹಿಂಬದಿಯಿಂದ ಗೋಡೆಗೆ ಎರಡು ಸಲ ಕುಟ್ಟಿ, ಗಟ್ಟಿಯಿದೆ ಎಂದ. ಕಲ್ಲಂಗಡಿ ಹಣ್ಣು ಕೊಳ್ಳಲು ಬಂದಿದ್ದನೋ ಏನೋ ಮಹಾರಾಯ! ಭಾವ ಓಡಿ ಬಂದು ಮೊಬೈಲು ಮುಂದೆ ಹಿಡಿದ. ಇನ್‌ಸ್ಪೆಕ್ಟರು ಫೋಟೊ ನೋಡಿ, ಪೈಪೆಲ್ಲ ನೇರವಾಗಿ ಕೂತಿದೆ, ಬಹಳ ನೀಟು ಕೆಲಸ ಎಂದು ಹೊಗಳಿದ. ಭಾವ ನಾಚಿಕೊಂಡ ಬೇರೆ.

ಟೈಲರಮ್ಮ ಭಾವನ ಹೆಗಲ ಹಿಂದಿನಿಂದ ಇಣುಕಿದಳು. ಪೈಪು ನೇರವಾಗಿಯೇ ಇತ್ತು. ಪೈಪಿನ ಪಕ್ಕದಲ್ಲಿ, ಗೋಡೆಯ ಮಧ್ಯಕ್ಕೆ, ಹಸಿರು ಕಂಬಿಯ ಕಿಟಕಿಯೊಂದು ಇತ್ತು. ಅವಳು ಗೋಡೆ ನೋಡಿದಳು. ಮತ್ತೆ ಫೋಟೊ ನೋಡಿದಳು. ಇಬ್ಬರು ಗಂಡಸರು, ನಾಲ್ಕು ಕಣ್ಣು, ಕಿಟಕಿಯಿಲ್ಲದ ಕೋಣೆಯಲ್ಲಿ ನಿಂತು ಕಿಟಕಿಯ ಫೋಟೊ ನೋಡಿ ತಲೆಯಾಡಿಸುತ್ತಿದ್ದಾರೆ.

"ಸಾರ್, ಈ ಗೋಡೇಲಿ ಕಿಟಕಿ ಎಲ್ಲಿದೆ?"

ಇನ್‌ಸ್ಪೆಕ್ಟರು ಗೋಡೆ ನೋಡಿದ, ಮೊಬೈಲು ನೋಡಿದ, ಭಾವನ ಮುಖ ನೋಡಿದ. ಆಮೇಲೆ ಪೆನ್ನಿನ ಮುಚ್ಚಳ ತೆಗೆದ.

"ಕಿಟಕಿ ಎಲ್ಲ ನಮ್ಮ ಇಲಾಖೆಗೆ ಬರಲ್ಲಮ್ಮ."

ಅಷ್ಟೇ. ಅದೇ ಗೋಡೆಗೆ ಕಾಗದ ಒತ್ತಿಟ್ಟು ಸಹಿ ಹಾಕಿ, ಸೀಲು ಗುದ್ದಿ, ಅವಳ ಕೈಗೆ ಕೊಟ್ಟು ಹೋಗಿಯೇಬಿಟ್ಟ. ಥೂ, ಇವನೂ ಒಬ್ಬ ಮನುಷ್ಯ.

ಅವನ ಬೆನ್ನು ಮರೆಯಾದದ್ದೇ ತಡ, ಟೈಲರಮ್ಮ ಭಾವನನ್ನು ಹಿಡಿದು ಕೇಳಿದಳು. ಅದು ಅವನ ಸ್ನೇಹಿತನ ಮನೆಯ ಫೋಟೊವಂತೆ. ತಾನು ತೆಗೆಯುವುದು ಮರೆತಿದ್ದನಂತೆ. ವೈರು ಯಾರ ಮನೆಯದಾದರೇನು, ಎಲ್ಲ ಕಡೆ ಒಂದೇ ಥರ ಅಲ್ವಾ ಎಂದ. ಅಕ್ಕ ನಡುವೆ ಬಂದು ತಂಗಿಯ ಕೈ ಹಿಡಿದಳು. ಕಾಗದ ಬಂತಲ್ಲ ಮಾರಾಯ್ತಿ, ಅಮ್ಮ ಶುಕ್ರವಾರ ಬರ್ತಾಳೆ, ಈಗ ಕೆದಕಬೇಡ ಎಂದು ಕಣ್ಣು ಒದ್ದೆ ಮಾಡಿಕೊಂಡಳು. ಅಕ್ಕ ಹೇಳುವುದರಲ್ಲೂ ಅರ್ಥವಿತ್ತು. ಟೈಲರಮ್ಮ ಕಾಗದ ಮಡಚಿ ತನ್ನ ಬ್ಯಾಗಿಗೆ ಹಾಕಿದ್ದೂ ಆಯಿತು. ಅಮ್ಮ ಬಾಗಿಲಲ್ಲಿ ಬಂದು ಇಳಿಯುವುದು ಅವಳ ಕಣ್ಣಿಗೆ ಕಟ್ಟಿತ್ತು.

ಮಧ್ಯಾಹ್ನ ಮತ್ತೆ ಇಸ್ತ್ರಿಗೆ ನಿಂತಳು. ಐದನೇ ಅಂಗಿಗೆ ವಾಸನೆ ಬಂತು. ಬಣ್ಣದ್ದಲ್ಲ. ಇಸ್ತ್ರಿ ಪೆಟ್ಟಿಗೆ ಮರೆತು ಬಟ್ಟೆಯ ಮೇಲೇ ಬಿಟ್ಟರೆ ಬರುವ ವಾಸನೆ. ಅದು ಅವಳಿಗೆ ಗೊತ್ತಿರದಿದ್ದರೆ ಇನ್ಯಾರಿಗೆ ಗೊತ್ತಿರಬೇಕು? ಪೆಟ್ಟಿಗೆಯ ಕೆಳಗೆ ನೋಡಿದಳು, ಅಂಗಿ ಬೆಳ್ಳಗೇ ಇತ್ತು. ಗೋಡೆಗೆ ಅಂಗೈ ಇಟ್ಟಳು. ಪ್ಲಗ್ಗಿನಿಂದ ಒಂದು ಮೊಳ ಮೇಲಕ್ಕೆ ಗೋಡೆ ಬೆಚ್ಚಗಿತ್ತು.

ಅವಳು ಹೋಗಿ ಮೇನ್ ಸ್ವಿಚ್ಚು ಇಳಿಸಿದಳು. ಸುತ್ತಿಗೆ, ಉಳಿ ತಂದಳು. ಅಕ್ಕ ಬೇಡ ಬೇಡ ಎನ್ನುತ್ತಿರುವಾಗಲೇ ತಿಳಿ ಹಳದಿ ಗೋಡೆಗೆ ಮೊದಲ ಏಟು ಹಾಕಿದಳು. ಗಾರೆ ಇನ್ನೂ ಹಸಿಹಸಿ, ಹಪ್ಪಳೆ ಹಪ್ಪಳೆಯಾಗಿ ಎದ್ದು ಬಂತು. ಒಳಗೆ ಪೈಪೇ ಇರಲಿಲ್ಲ. ಬರೀ ವೈರು, ಅದೂ ತುಂಡು ತುಂಡು. ಕೆಂಪಿಗೆ ಕಪ್ಪು, ಕಪ್ಪಿಗೆ ಹಳದಿ, ಕೈಲಿ ಹುರಿಗೊಳಿಸಿ ಕಟ್ಟಿದ್ದು. ಬೆಚ್ಚಗಿದ್ದ ಜಾಗದ ಗಂಟಿಗೆ ಟೇಪಿನ ಬದಲು ಏನೋ ಸುತ್ತಿತ್ತು. ಎಳೆದರೆ ಕೈಗೆ ಬಂತು, ಬೆರಳೆರಡರ ಅಗಲದ ಬಟ್ಟೆ. ಅರ್ಧಕ್ಕರ್ಧ ಕಂದು ತಿರುಗಿ, ಒಂದು ತುದಿ ಕರಿಯಾಗಿತ್ತು.

ಬಟ್ಟೆ ಅವಳದೇ. ಮಷೀನಿನ ಕೆಳಗಿನ ಚಿಂದಿ ಚೀಲದ್ದು. ಆಸ್ಪತ್ರೆಯಲ್ಲಿ ಹಾಕಿಕೊಳ್ಳಲೆಂದು ಅಮ್ಮನಿಗೆ ಹೊಲಿದ ಬೂದು ಬಣ್ಣದ ನಿಲುವಂಗಿಯ ಒಳಪದರಕ್ಕೆ ಕತ್ತರಿಸಿ ಉಳಿದ ಅಸ್ತರು.

ಸುತ್ತಿಗೆಯ ಸದ್ದಿಗೆ ಪಕ್ಕದಲ್ಲೇ ಇದ್ದ ಅಂಗಡಿಯಿಂದ ಓಡಿ ಬಂದ ಭಾವ ಮೊದಲು ರೇಗಿದ, ಆಮೇಲೆ ಅವಳ ಕೈಲಿದ್ದದ್ದನ್ನು ನೋಡಿ ತೊದಲಿದ. ಟೇಪು ಮುಗಿದಿತ್ತು, ಗಾರೆಯವನು ಕಲಸಿಕೊಂಡು ಕಾಯುತ್ತಿದ್ದ, ಒಣಬಟ್ಟೆಗೆ ಕರೆಂಟು ಹೊಡೆಯಲ್ಲ ಅಂತ ಸುತ್ತಿದೆ ಎಂದ. ಹೇಳುವಾಗ ನಾಚಿಕೆಯೂ ಇರಲಿಲ್ಲ. ಸಮಯಕ್ಕೆ ಉಪಾಯ ಹೊಳೆದ ಹೆಮ್ಮೆಯೇ ಇತ್ತು. ಇದನ್ನು ಕಂಡು ಟೈಲರಮ್ಮನಿಗೆ ಬೈಯುವುದಕ್ಕೂ ಹೇಸಿಗೆಯಾಯಿತು. ಅವನ ಮುಖ ನೋಡಿದರೆ ಬಾಯಲ್ಲಿ ಉಗುಳು ತುಂಬುತ್ತಿತ್ತು. ತಿರುಗಿ ನಿಂತು ಇನ್‌ಸ್ಪೆಕ್ಟರಿಗೆ ಫೋನು ಮಾಡಿದಳು. ನಾನು ನೋಡಿದಾಗ ಎಲ್ಲ ಸರಿಯಿತ್ತಲ್ಲ ಎಂದ ಆ ಪುಣ್ಯಾತ್ಮ. ಗೋಡೆ ಒಡೆದಿದ್ದರೆ ಹಳೇ ಸರ್ಟಿಫಿಕೇಟು ನಡೆಯಲ್ಲ, ಹೊಸ ಅರ್ಜಿ ಹಾಕಿ, ಸರದಿ ಬರಲು ಎರಡು ವಾರ ಎಂದು ಫೋನಿಟ್ಟ. ಬಿಡುವಿಲ್ಲದ ಮನುಷ್ಯ, ಪಾಪ.

ಸಂಜೆ ಆಸ್ಪತ್ರೆಗೆ ಹೋದಳು. ಬ್ಯಾಗಿನಲ್ಲಿ ಆ ಕಾಗದ ಇನ್ನೂ ಇತ್ತು. ಒಡೆದ ಗೋಡೆಗೆ ಮತ್ತೆ ಗಾರೆ ಮೆತ್ತಿ ಬಾಯಿ ಮುಚ್ಚಿಕೊಂಡಿದ್ದರೆ ಆಸ್ಪತ್ರೆಯವರಿಗೆ ಗೊತ್ತಾಗುತ್ತಿರಲಿಲ್ಲ. ದಾರಿಯುದ್ದಕ್ಕೂ ಆ ಯೋಚನೆ ಬಂದು ಬಂದು ಹೋಯಿತು. ಬಂದಾಗಲೆಲ್ಲ ತನಗೆ ತಾನೇ ಛೀ ಎಂದುಕೊಂಡಳು.

ಮೂಗಿಗೆ ನಳಿಗೆ ಹಾಕಿಕೊಂಡು ಕೂತಿದ್ದ ಅಮ್ಮನಿಗೆ, ಶುಕ್ರವಾರ ಆಗಲ್ಲಮ್ಮ, ಇನ್ನೆರಡು ವಾರ ಎಂದಳು. ಅಮ್ಮ ಮುಖ ಆ ಕಡೆ ತಿರುಗಿಸಿದಳು. ನಿನಗೆ ನಾನು ಭಾರ ಆದೆ, ಅಳಿಯ ಪಾಪ ಹಗಲೂ ರಾತ್ರಿ ಕಷ್ಟಪಟ್ಟು ಕೋಣೆ ಕಟ್ಟಿದ, ನೀನು ಬರೀ ತಪ್ಪು ಹುಡುಕ್ತೀಯ ಎಂದು ಏದುಸಿರಲ್ಲೇ ಗೊಣಗಿದಳು. ಟೈಲರಮ್ಮ ಬ್ಯಾಗಿನಿಂದ ಆ ಚಿಂದಿ ತೆಗೆದು ಅಮ್ಮನ ಅಂಗೈಗಿಟ್ಟಳು.

ಅಮ್ಮ ಅದನ್ನು ಹೆಬ್ಬೆರಳಲ್ಲಿ ಉಜ್ಜಿದಳು. ಮೂಗಿನ ಹತ್ತಿರ ತಂದಳು, ನಳಿಗೆ ಅಡ್ಡ ಬಂತು, ಇಳಿಸಿದಳು. ಆಮೇಲೆ ತಾನು ತೊಟ್ಟಿದ್ದ ನಿಲುವಂಗಿಯ ಅಂಚನ್ನು ಮಡಚಿ, ಒಳಮೈಗೆ ಈ ತುಂಡನ್ನು ಒತ್ತಿ ಹಿಡಿದು, ಎರಡನ್ನೂ ಬಹಳ ಹೊತ್ತು ನೋಡಿದಳು.

"ಎಲ್ಲಿತ್ತು ಇದು?"

"ನಿನ್ನ ತಲೆದೆಸೆ ಗೋಡೆಯೊಳಗೆ. ವೈರಿಗೆ ಸುತ್ತಿತ್ತು."

"ಯಾರು ಸುತ್ತಿದ್ದು?"

ಟೈಲರಮ್ಮ ಹೇಳಲಿಲ್ಲ. ಅಮ್ಮ ಮತ್ತೆ ಕೇಳಲೂ ಇಲ್ಲ. ಮಷೀನು ಪಕ್ಕದಲ್ಲಿ ಗುಂಯ್ಗುಡುತ್ತಿತ್ತು. ಅಮ್ಮ ಉಸಿರು ಕೂಡಿಸಿಕೊಳ್ಳಲು ಸ್ವಲ್ಪ ಹೊತ್ತು ಹಿಡಿಯಿತು.

"ಗೋಡೆ ಹಾಗೇ ತೆಗೆದಿಟ್ಟಿರು. ಯಾರಾದ್ರೂ ಒಳಗೆ ಕೈ ಹಾಕಿ ನೋಡೋವರೆಗೂ ಮುಚ್ಚಬೇಡ. ಅಲ್ಲೀವರೆಗೂ ನಾನೂ ಬರಲ್ಲ."

ಆಮೇಲೆ ತುಂಬಿಟ್ಟಿದ್ದ ಬ್ಯಾಗನ್ನು ಹತ್ತಿರ ಎಳೆದುಕೊಂಡು, ಬಾಚಣಿಗೆ ಹುಡುಕಿ ತೆಗೆದು, ಆಸ್ಪತ್ರೆಯ ಕಪಾಟಿನ ಮೇಲಿಡು ಎಂದು ಮಗಳ ಕೈಗೆ ಕೊಟ್ಟಳು.