ಮೂರು ಮೂಲೆಯ ಜಾಗ

ಅಪ್ಪ ಬಿಟ್ಟುಹೋದ ಜಾಗಕ್ಕೆ ಮೂರೇ ಮೂಲೆ. ರಸ್ತೆಯ ಕಡೆ ಅರವತ್ತಡಿ ಉದ್ದ, ಹಿಂದೆ ಹೋದಂತೆ ಒಂದು ಪಕ್ಕಕ್ಕೆ ವಾಲಿಕೊಂಡು ಚೂಪಾಗುವ ನೆಲ. ಅದಕ್ಕಾಗಿ ಅಣ್ಣ ತಮ್ಮ ಎಣ್ಣೆ ಸೀಗೆಕಾಯಿ ಆಗಿದ್ದರು. ಅಣ್ಣ ವೆಲ್ಡರ್, ತಮ್ಮ ಗುದ್ದಿಸಿಕೊಂಡ ಕಾರುಗಳ ತಗಡು ಬಡಿದು ಸರಿಮಾಡುವವನು. ನಡುವೆ ಹುಟ್ಟಿದವಳು ಮಕ್ಕಳಿಗೆ ಟ್ಯೂಷನ್ ಹೇಳುತ್ತಿದ್ದಳು. ಓಣಿಗೆಲ್ಲ ಅವಳು ಲೆಕ್ಕದಕ್ಕ. ಹಾಗಾಗಿ ಪಾಲು ಮಾಡುವ ಕೆಲಸ ಅವಳ ತಲೆಗೇ ಬಂತು.

ಅವಳು ರಸ್ತೆಯಂಚಿನ ನಟ್ಟನಡುವೆ ಗೂಟ ಹೊಡೆದು, ಅಲ್ಲಿಂದ ಹಿಂದಿನ ಚೂಪು ಮೂಲೆಗೆ ದಾರ ಎಳೆದಳು. ಅಣ್ಣನ ಪಾಲು ಮೈಕೈ ತುಂಬಿಕೊಂಡಂತೆ ಕಂಡಿತು. ತಮ್ಮನದು ಕತ್ತು ಹಿಡಿದು ಎಳೆದ ಹಾಗೆ ಉದ್ದಕ್ಕೆ ಬಡಕಲಾಗಿತ್ತು.

“ಇದ್ಯಾವ ಸೀಮೆ ಸಮ, ಅಕ್ಕ? ಅವನಿಗೆ ಹಲಗೆ, ನನಗೆ ಚೂರಿ!” ಎಂದ ತಮ್ಮ.

“ನೋಡೋಕೆ ಹಾಗಿದೆ ಕಣೋ. ಮೊದಲು ಪಾದ ನೋಡು, ಅಂದ್ರೆ ರಸ್ತೆ ಕಡೆ ಅಂಚು, ಇಬ್ಬರಿಗೂ ಮೂವತ್ತಡಿ. ಆಮೇಲೆ ಎತ್ತರ. ಆ ಮೂಲೆಯಿಂದ ರಸ್ತೆಯ ಗೆರೆಗೆ ನೆಟ್ಟಗೆ ಅಳೆದ್ರೆ ಎಂಬತ್ತು. ಮೂಲೆ ಒಂದೇ, ಗೆರೆ ಒಂದೇ, ಅಂದ್ಮೇಲೆ ಎತ್ತರಾನೂ ಒಂದೇ. ಈಗ ಮೂವತ್ತನ್ನ ಎಂಬತ್ತರಿಂದ ಗುಣಿಸಿ ಅರ್ಧ ಮಾಡು. ಸಾವಿರದಿನ್ನೂರು. ಅವನಿಗೂ ಅಷ್ಟೇ, ನಿನಗೂ ಅಷ್ಟೇ.”

ಲೆಕ್ಕ ತಮ್ಮನ ಕಿವಿಗೆ ಬಿತ್ತು, ತಲೆಗೆ ಇಳಿಯಲಿಲ್ಲ. ಗೂಟಕ್ಕೆ ಒದ್ದ. ಅಣ್ಣ ಅವನ ಕೊರಳಪಟ್ಟಿ ಹಿಡಿದು ಪಕ್ಕದ ಶೆಡ್ಡಿನ ಗೋಡೆಗೆ ಅಪ್ಪಳಿಸಿದ. ತಮ್ಮ ಕೈಗೆ ಸಿಕ್ಕ ಕಬ್ಬಿಣದ ಸರಳು ಬೀಸಿದ. ಅಣ್ಣನ ಹುಬ್ಬು ಸೀಳಿ ರಕ್ತ ಕಣ್ಣಿಗಿಳಿಯಿತು. ಒಂದೇ ತಟ್ಟೆಯಲ್ಲಿ ಉಂಡವರು ಮಣ್ಣಿನಲ್ಲಿ ಹೊರಳಾಡಿ ಒಬ್ಬರನ್ನೊಬ್ಬರು ಕಚ್ಚಿದರು. ಬಿಡಿಸಲು ಹೋದವಳ ಬಾಯಿಗೆ ಅಣ್ಣನ ಗುದ್ದು ಬಿತ್ತು. ಮುಂದಿನ ಹಲ್ಲು ಮುರಿದು ನಾಲಿಗೆಯ ಮೇಲೆ ಕೂತಿತು.

“ನಿನ್ನ ಯಾರು ಮಧ್ಯ ಬಾ ಅಂದ್ರು?” ಅಣ್ಣ ಏದುಸಿರಿನಲ್ಲೇ ಕೂಗಿದ. “ಈ ಜಾಗದಲ್ಲಿ ನಿಂದೇನಿದೆ?”

ಅವಳು ಹಲ್ಲು ಉಗುಳಿದಳು. ಬೆಳಗಿನಿಂದ ಅಳೆದು ಗುಣಿಸಿದವಳು ತಾನೇ. ಅಪ್ಪನಿಗೆ ಇಬ್ಬರೇ ಮಕ್ಕಳು ಎಂದು ಹಿಡಿದವಳೂ ತಾನೇ. ಮೊದಲು ನಾಚಿಕೆಯಾಯಿತು. ಅದರ ಬೆನ್ನಿಗೇ ಸಿಟ್ಟು ನೆತ್ತಿಗೇರಿತು.

“ಲೆಕ್ಕ ತಪ್ಪಾಗಿದೆ, ಮತ್ತೆ ಮಾಡ್ತೀನಿ” ಎಂದಳು, ರಕ್ತ ನುಂಗುತ್ತ. “ಒಂದು ಪಾಲಿನ ಪಾದ ಎಕ್ಸ್ ಅಂದ್ಕೊಳ್ಳಿ. ಮಕ್ಕಳು ಮೂವರು. ಮೂರು ಎಕ್ಸ್ ಅಂದ್ರೆ ಅರವತ್ತು. ಎರಡೂ ಕಡೆ ಮೂರರಿಂದ ಭಾಗಿಸಿ. ಇಪ್ಪತ್ತು.”

ಟೇಪು ಎಳೆದು ಇಪ್ಪತ್ತಕ್ಕೊಂದು, ನಲವತ್ತಕ್ಕೊಂದು ಗುರುತು ಹಾಕಿದಳು. ಆಗಷ್ಟೇ ಕೊಲ್ಲಲು ನಿಂತವರು ಚಿಟಿಕೆ ಹೊಡೆಯುವಷ್ಟರಲ್ಲಿ ಒಂದಾದರು. ತಮ್ಮ ಹಿಂದಿನಿಂದ ಅವಳ ಕೂದಲಿಗೆ ಕೈ ಹಾಕಿ ಎಳೆದ. ಅವಳು ಮೊಣಕೈಯಿಂದ ಅವನ ಹೊಟ್ಟೆಗೆ ತಿವಿದಳು; ಉಸಿರು ಸಿಗದೆ ಕುಕ್ಕರಿಸಿದ. ಮೊದಲ ಗೂಟ ಇಳಿಯಿತು. ಎರಡನೆಯ ಗುರುತಿನ ಮೇಲೆ ಅಣ್ಣ ಅಂಗೈ ಹರಡಿದ.

“ತಾಕತ್ತಿದ್ರೆ ಹೊಡಿ.”

“ಕೈ ತೆಗಿ, ಅಣ್ಣ.”

“ಹೊಡಿಯೇ, ನೋಡೇಬಿಡ್ತೀನಿ.”

ಸುತ್ತಿಗೆ ಎತ್ತಿ ಹೊಡೆದಳು. ಬೆರಳು ಮುರಿದ ಸದ್ದು ಸಣ್ಣದು. ಅಣ್ಣನ ಅರಚಾಟಕ್ಕೆ ಓಣಿಗೆ ಓಣಿಯೇ ಹೊರಗೆ ಬಂತು. ಅವನು ಕೈ ಅವುಚಿಕೊಂಡು ಉರುಳಿದ. ಅವಳು ಅಳುತ್ತಲೇ ಆ ಗೂಟವನ್ನೂ ಇಳಿಸಿದಳು. ಆಮೇಲೆ ಬಟ್ಟೆ ಹರಿದು ಅವನ ಕೈಗೆ ಸುತ್ತಿ, ತಾನೇ ಆಸ್ಪತ್ರೆಗೆ ಕರೆದೊಯ್ದಳು.

ಠಾಣೆ, ಕೋರ್ಟು ಎಲ್ಲ ಆಯಿತು. ಮೂರು ಪಾಲೇ ಗಟ್ಟಿಯಾಯಿತು. ಬೆರಳಿಗೆ ಅವಳು ದಂಡ ಕಟ್ಟಿದಳು. ಹಲ್ಲಿಗೆ ಯಾರೂ ಕಟ್ಟಲಿಲ್ಲ.

ಈಗ ನಡುವಿನ ಪಾಲಿನಲ್ಲಿ ತಗಡಿನ ಸೂರಿನಡಿ ಅವಳ ಪಾಠ. ಅವಳು ಬಾಯಿ ತೆರೆದೊಡನೆ ಒಂದು ಕಡೆ ಅಣ್ಣ ಗ್ರೈಂಡರ್ ಚಾಲೂ ಮಾಡುತ್ತಾನೆ, ಇನ್ನೊಂದು ಕಡೆ ತಮ್ಮ ತಗಡು ಬಡಿಯುತ್ತಾನೆ. ಅಣ್ಣನ ಎರಡು ಬೆರಳು ಇನ್ನೂ ಮಡಚಲು ಬರುವುದಿಲ್ಲ. ಅದು ಕಣ್ಣಿಗೆ ಬಿದ್ದಾಗಲೆಲ್ಲ ಅವಳು ಮುಖ ತಿರುಗಿಸುತ್ತಾಳೆ. ಆದರೂ ಜಾಗ ಬಿಟ್ಟು ಕದಲಿಲ್ಲ. ಮಕ್ಕಳಿಗೆ ಕೇಳಿಸಲೆಂದು ಗಂಟಲು ಹರಿಯುವಂತೆ ಕೂಗಿ ಲೆಕ್ಕ ಹೇಳುತ್ತಾಳೆ.